ನೀರಿನ ಅಳತೆಗೆ ತಕ್ಕ ಬಿತ್ತನೆ: ಅರೆಮಲೆನಾಡಿನ ಬೇಸಿಗೆ ತರಕಾರಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅರೆಮಲೆನಾಡಿಗೆ ಸೇರಿದ್ದು, ಇಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಯ ಒಂದು ಮೂಲೆಯಲ್ಲೋ ಮನೆಯ ಹಿತ್ತಲಿನಲ್ಲೋ ಸೌತೆ, ಬೆಂಡೆ, ಹೀರೆ, ಹಾಗಲ, ಅಲಸಂದೆ, ಹರಿವೆಗಳನ್ನು ಬೆಳೆದುಕೊಳ್ಳಲು ಅವಕಾಶವಿದೆ. ಯುರೋಪಿನ ಶೀತದೇಶಗಳಲ್ಲಿ ಪಟ್ಟಣಿಗರು ಬಾಡಿಗೆಗೆ ಪಡೆದ ತುಂಡುಭೂಮಿಯಲ್ಲಿ ಮಣ್ಣು ಬೆಚ್ಚಗಾಗುವವರೆಗೆ ಕಾದು ವಸಂತದಲ್ಲಿ ಬೀಜ ಹಾಕುತ್ತಾರೆ. ಅರೆಮಲೆನಾಡಿನಲ್ಲಾದರೋ ಬಿಸಿಲಿಗೆ ಕೊರತೆಯಿಲ್ಲ, ಬಿತ್ತನೆಯ ಕಾಲವನ್ನೂ ವಿಸ್ತಾರವನ್ನೂ ನಿರ್ಧರಿಸುವುದು ನೀರು. ಆದ್ದರಿಂದ ಯುಗಾದಿಯ ವೇಳೆಗೆ ಕೈಗೆ ಬರಬೇಕಾದ ತರಕಾರಿಯನ್ನು ಪುಷ್ಯ-ಮಾಘದಲ್ಲಿ, ಅಂದರೆ ಜನವರಿಯಿಂದ ಫೆಬ್ರವರಿ ಮಧ್ಯದೊಳಗೆ, ಬಿತ್ತುವುದು ಲೇಸು.

ನೀರನ್ನು ಕೂಡಿಟ್ಟು ಬಳಸುವ ಎಚ್ಚರ ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ 5ನೆಯ ಶತಮಾನದ ಸ್ತಂಭಶಾಸನವು ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದುದನ್ನು ದಾಖಲಿಸುತ್ತದೆ. ಇಂದಿಗೂ ಕೆರೆ-ಬಾವಿಗಳ ಜೊತೆಗೆ ಕುಮುದ್ವತಿಯ ಅಂಜನಾಪುರ ಜಲಾಶಯ, ವರದಾ ಮತ್ತು ದಂಡಾವತಿ ನದಿಗಳು ಇಲ್ಲಿನ ಬೇಸಾಯಕ್ಕೆ ಆಸರೆಯಾಗಿವೆ. ಆದರೆ ಬೇಸಿಗೆಯಲ್ಲಿ ಬೆಳೆ ತುಂಬಿದ ಮಡಿಯಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಎಣಿಸಿದರೂ, 1 ಗುಂಟೆಗೆ, ಅಂದರೆ ಸುಮಾರು 100 ಚದರ ಮೀಟರ್ ನೆಲಕ್ಕೆ, ದಿನವೊಂದಕ್ಕೆ 500 ಲೀಟರ್ ನೀರು ಬೇಕಾಗುವುದರಿಂದ, ಏಪ್ರಿಲ್‌ನಲ್ಲಿ ಬಾವಿ ಎಷ್ಟು ನೀರು ಕೊಡುತ್ತದೆಂಬುದನ್ನು ತಿಳಿದೇ ಮಡಿಯ ಅಳತೆಯನ್ನು ಗೊತ್ತುಮಾಡಬೇಕು.

ಬೇಗ ಬಿತ್ತುವುದಕ್ಕೆ ಬೇರೆ ಕಾರಣಗಳೂ ಇವೆ. ಸೌತೆ, ಹಾಗಲ, ಹೀರೆಯಂಥ ಬಳ್ಳಿಗಳಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆಬೇರೆಯಾಗಿ ಅರಳುತ್ತವೆ. ಹಗಲು ದೀರ್ಘವಾಗಿ ಸೆಕೆ ಏರಿದಂತೆ ಗಂಡು ಹೂಗಳ ಪ್ರಮಾಣ ಹೆಚ್ಚಿ, ಕಾಯಿ ಕಚ್ಚುವ ಹೆಣ್ಣು ಹೂಗಳು ಕಡಿಮೆಯಾಗುತ್ತವೆ. ಬೆಂಡೆಯ ಎಲೆನರಗಳನ್ನು ಹಳದಿಯಾಗಿಸುವ ನಂಜುರೋಗವನ್ನು ಹರಡುವ ಬಿಳಿನೊಣವೂ ಬಿಸಿ ಒಣಹವೆಯಲ್ಲಿ ಹೆಚ್ಚುವುದರಿಂದ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಡೆದುಕೊಳ್ಳುವಂತೆ ರೂಪಿಸಿದ ಅರ್ಕಾ ಅನಾಮಿಕಾದಂಥ ತಳಿಯನ್ನು ಆರಿಸುವುದು ಉಚಿತ. ಮೇ ಕೊನೆಯ ರೋಹಿಣಿ ಮಳೆಯ ಹೊತ್ತಿಗೆ ಗದ್ದೆಯನ್ನು ಮತ್ತೆ ಭತ್ತಕ್ಕೆ ಅಣಿಗೊಳಿಸಬೇಕಾದುದರಿಂದ ತಡವಾದ ಬೆಳೆಗೆ ಅಲ್ಲಿ ಜಾಗವೂ ಉಳಿಯುವುದಿಲ್ಲ.

ಬಿತ್ತನೆಯ ಕ್ರಮ ಸರಳವಾದುದು. ಬಳ್ಳಿತರಕಾರಿಗೆ ಇಡೀ ನೆಲವನ್ನು ಅಗೆಯದೆ ಗುಣಿ ತೋಡಿ, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಗುಣಿಗೆ ಮೂರು ಬೀಜ ಹಾಕಿ, ಮೊಳೆತ ಮೇಲೆ ಬಲವಾದ ಎರಡು ಸಸಿಗಳನ್ನಷ್ಟೇ ಉಳಿಸಬೇಕು. ಸಿಪ್ಪೆ ಗಡುಸಾದ ಹಾಗಲದ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಮೊಳಕೆ ಸುಲಭವಾಗಿ ಒಡೆಯುತ್ತದೆ. ಬುಡಕ್ಕೆ ದರಕನ್ನು, ಎಂದರೆ ಒಣಗಿದ ಉದುರೆಲೆಯನ್ನು, ಹೊದಿಸಿ ಸಂಜೆ ನೀರುಣಿಸಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಕಾಯಿ ಕಚ್ಚಲು ಜೇನ್ನೊಣಗಳ ನೆರವು ಬೇಕಾದುದರಿಂದ ಹೂ ಅರಳುವ ವೇಳೆಯಲ್ಲಿ ಕೀಟನಾಶಕ ಸಿಂಪಡಿಸಬಾರದು.

ಮೊದಲ ಫಸಲಿನಲ್ಲಿ ರೋಗವಿಲ್ಲದ ಬಳ್ಳಿಯ ಒಂದೆರಡು ನಾಟಿ ಕಾಯಿಗಳನ್ನು ಬಲಿಯಲು ಬಿಟ್ಟು, ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಇಟ್ಟುಕೊಂಡವರು ಮುಂದಿನ ವರ್ಷ ಬೀಜಕ್ಕೆ ಅಂಗಡಿಯನ್ನು ಕಾಯಬೇಕಾಗಿಲ್ಲ. ಹಿತ್ತಲಿರುವ ಪ್ರತಿಯೊಂದು ಕುಟುಂಬವೂ ಮಾಘ ಕಳೆಯುವ ಮುನ್ನ ತನ್ನ ಬಾವಿಯ ನೀರನ್ನು ಅಂದಾಜು ಮಾಡಿ, ಅದು ಸಾಲುವಷ್ಟೇ ನೆಲದಲ್ಲಿ ಬಿತ್ತನೆ ಮಾಡಲಿ.