ಹುಲ್ಲಿನ ಮೇಲೊಂದು ಹಾಕಿ, ಹಾಸಿನ ಮೇಲೊಂದು ಹಾಕಿ

ಧ್ಯಾನ್‌ಚಂದ್ ಇಂದು ಆಡಿದ್ದರೆ ಅಷ್ಟೇ ಗೋಲುಗಳನ್ನು ಗಳಿಸುತ್ತಿದ್ದರೇ? ಹಾಕಿ ಪ್ರಿಯರು ಸೇರಿದಲ್ಲೆಲ್ಲ ಏಳುವ ಪ್ರಶ್ನೆಯಿದು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನ ಐದು ಪಂದ್ಯಗಳಲ್ಲಿ ಅವರು ಗಳಿಸಿದ್ದು 14 ಗೋಲು. 2024ರ ಪ್ಯಾರಿಸ್‌ನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್ ಎಂಟು ಪಂದ್ಯಗಳಿಂದ ಗಳಿಸಿದ್ದು 10. ಆದರೆ ಈ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಮೊದಲನೆಯವರು ಸೆಂಟರ್ ಫಾರ್ವರ್ಡ್; ಎರಡನೆಯವರು ರಕ್ಷಣಾ ಆಟಗಾರ, ಅವರ ಗೋಲುಗಳು ಬಂದದ್ದು ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ಗಳಿಂದ. ಎದುರಾಳಿಗಳ ಮಟ್ಟವೂ ಬೇರೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹಾಕಿಯಲ್ಲಿ ಇದ್ದುದೇ ಮೂರು ತಂಡಗಳು. ಅಮೆರಿಕವನ್ನು ಭಾರತ 24-1ರಿಂದ ಸೋಲಿಸಿತ್ತು!

ಹೋಲಿಕೆಗೆ ಇದಕ್ಕಿಂತ ನಂಬಲರ್ಹವಾದ ನಿದರ್ಶನವೊಂದು ಇತಿಹಾಸದಲ್ಲಿಯೇ ಇದೆ. 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೈದಾನದಲ್ಲಿ ಅಜಿತ್‌ಪಾಲ್ ಸಿಂಗ್ ನಾಯಕತ್ವದ ಭಾರತ ತಂಡ ಪಾಕಿಸ್ತಾನವನ್ನು 2-1ರಿಂದ ಮಣಿಸಿ ವಿಶ್ವಕಪ್ ಗೆದ್ದಿತು. ನಿರ್ಣಾಯಕ ಗೋಲು ಧ್ಯಾನ್‌ಚಂದ್ ಪುತ್ರ ಅಶೋಕ್ ಕುಮಾರ್ ಅವರದು. ಹದಿನಾರು ತಿಂಗಳ ನಂತರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ನಾಯಕ ಅವರೇ, ಅಶೋಕ್ ಕುಮಾರ್ ಇದ್ದರು, ಕೊಡಗಿನ ಬಿ.ಪಿ. ಗೋವಿಂದ ಎರಡೂ ತಂಡಗಳಲ್ಲಿದ್ದರು. ಆದರೂ ಆಸ್ಟ್ರೇಲಿಯಾ ಎದುರು 1-6ರ ಸೋಲು. ಕೊನೆಗೆ ದಕ್ಕಿದ್ದು ಏಳನೇ ಸ್ಥಾನ.

ಒಂದೂವರೆ ವರ್ಷದೊಳಗೆ ಕೈಚಳಕ ಮಾಯವಾಗುವುದುಂಟೇ? ಬದಲಾದದ್ದು ನೆಲ. ಏರುಪೇರಿನ ಹುಲ್ಲಿನ ಮೇಲೆ ಚೆಂಡು ಎತ್ತ ಪುಟಿಯುವುದೋ ತಿಳಿಯದು. ಅದನ್ನು ತಡೆದು ನಿಲ್ಲಿಸುವುದೇ ದೊಡ್ಡ ವಿದ್ಯೆ. ಸ್ಟಿಕ್ಕಿಗೆ ಅಂಟಿದಂತೆ ಚೆಂಡನ್ನು ಒಯ್ಯುವವನಿಗೆ, ಗಿಡ್ಡ ಪಾಸ್ ನೀಡುವವನಿಗೆ ಅಲ್ಲಿ ಮೇಲುಗೈ. ಕೃತಕ ಹಾಸಿನಲ್ಲಿ ಚೆಂಡು ನೇರವಾಗಿ, ವೇಗವಾಗಿ ಸಾಗುವುದರಿಂದ ಸಾಧಾರಣ ಆಟಗಾರನೂ ಅದನ್ನು ಸಲೀಸಾಗಿ ತಡೆಯಬಲ್ಲ. ಆಗ ಗೆಲ್ಲಿಸುವುದು ಓಟ, ದೇಹದಾರ್ಢ್ಯ, ಉದ್ದನೆಯ ಪಾಸ್. ಯುರೋಪ್ ಮತ್ತು ಆಸ್ಟ್ರೇಲಿಯಾ ತಂಡಗಳು ಇದಕ್ಕೆ ಬೇಗ ಒಗ್ಗಿಕೊಂಡವು. ಭಾರತದಲ್ಲಿ ಅಂಥ ಮೈದಾನವೇ ಆಗ ಇರಲಿಲ್ಲ.

ನಂತರ ನಿಯಮಗಳೂ ಬದಲಾದವು. ತೊಂಬತ್ತರ ದಶಕದಲ್ಲಿ ಆಫ್‌ಸೈಡ್ ರದ್ದಾಯಿತು. ಆಟಗಾರರನ್ನು ಬೇಕೆಂದಾಗ ಹೊರಕರೆದು ಮತ್ತೆ ಕಣಕ್ಕಿಳಿಸುವ ಪದ್ಧತಿ ಬಂತು. ಇಂದಿನ ಫಾರ್ವರ್ಡ್ ಕೆಲವು ನಿಮಿಷ ಪೂರ್ಣ ವೇಗದಲ್ಲಿ ಓಡಿ, ಬೆಂಚಿನಲ್ಲಿ ದಣಿವಾರಿಸಿಕೊಂಡು ಮರಳುತ್ತಾನೆ. ಎಪ್ಪತ್ತು ನಿಮಿಷದ ಆಟಕ್ಕಾಗಿ ಉಸಿರನ್ನು ಜೋಪಾನ ಮಾಡುತ್ತಿದ್ದ ಹಳಬರ ಆಟ ಇದರ ಮುಂದೆ ನಿಧಾನವೆನಿಸುವುದು ಸಹಜ. ಅದನ್ನೇ ಕೊರತೆಯೆಂದು ಎಣಿಸುವುದು ಅನ್ಯಾಯ.

ಪದಕಗಳೂ ಸರಿಯಾದ ಅಳತೆಗೋಲಲ್ಲ. ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಆಡಿದ ಧನರಾಜ್ ಪಿಳ್ಳೈ ಅವರಿಗೆ ಅಲ್ಲಿ ಒಂದೂ ಪದಕ ಸಿಗಲಿಲ್ಲ. ಅವರ ಆಟ ಕಂಡವರಾರೂ ಪ್ರತಿಭೆಯನ್ನು ಸಂಶಯಿಸಲಾರರು.

ಕೊಡಗಿನವರೇ ಆದ ಇಬ್ಬರು ಫಾರ್ವರ್ಡ್‌ಗಳನ್ನು ನೋಡಿದರೂ ಸಾಕು. ಗೋವಿಂದ ಹುಲ್ಲಿನ ಮೇಲೆ ಬೆಳೆದು ಹಾಸಿನ ಮೇಲೆ ಪರೀಕ್ಷೆಗೊಳಗಾದವರು. ಸೋಮವಾರಪೇಟೆಯ ಎಸ್.ವಿ. ಸುನಿಲ್ 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಆಡಿದ್ದು ಹಾಸಿನ ಮೇಲೆಯೇ. ಬಲ ಅಂಚಿನಿಂದ ಅವರು ಮಿಂಚಿನಂತೆ ನುಗ್ಗುತ್ತಿದ್ದುದು, ಚೆಂಡು ತಾನು ಎಣಿಸಿದ ಜಾಗಕ್ಕೇ ಬರುತ್ತದೆಂಬ ಭರವಸೆಯಿಂದ.