ಕಂಪೆನಿಯ ಕಾರು, ಮನೆಯ ಲೆಕ್ಕ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದುವವರಿಗೆ ‘ಸರ್ವಮಾನ್ಯ’ ಎಂಬ ಮಾತು ಮೇಲಿಂದ ಮೇಲೆ ಎದುರಾಗುತ್ತದೆ. ಎಲ್ಲರೂ ಒಪ್ಪಿದ್ದು ಎಂಬ ಅರ್ಥದಲ್ಲಿ ನಾವು ಇಂದು ಅದನ್ನು ಬಳಸುತ್ತೇವೆ. ಶಾಸನಗಳಲ್ಲಿ ಅದರ ಅರ್ಥವೇ ಬೇರೆ. ಯಾವ ತೆರಿಗೆಯನ್ನೂ ತೆರಬೇಕಾಗಿಲ್ಲದ ಭೂಮಿಗೆ ಆ ಹೆಸರು. ಸೇವೆ ಸಲ್ಲಿಸಿದವನಿಗೆ ಅರಸನು ನಾಣ್ಯಗಳನ್ನು ಎಣಿಸಿಕೊಡುವ ಬದಲು ಉಂಬಳಿಯನ್ನೋ ಮಾನ್ಯವನ್ನೋ ಬಿಟ್ಟುಕೊಡುತ್ತಿದ್ದುದುಂಟು. ಇಂದಿನ ಮಾಲೀಕನು ಉಂಬಳಿ ಕೊಡುವುದಿಲ್ಲ. ತನ್ನ ಮೆಚ್ಚಿನ ಅಧಿಕಾರಿಗೆ ಕಾರು ಕೊಡುತ್ತಾನೆ, ಪೆಟ್ರೋಲು ಹಾಕಿಸುತ್ತಾನೆ, ಚಾಲಕನನ್ನೂ ನೇಮಿಸುತ್ತಾನೆ. ಆದರೆ ಈ ಹೊಸ ಉಂಬಳಿ ಸರ್ವಮಾನ್ಯವಲ್ಲ. ಮನೆಯ ಬಾಗಿಲಿಗೆ ಕಾರು ಬಂದ ತಿಂಗಳೇ ಆದಾಯ ತೆರಿಗೆಯ ಲೆಕ್ಕದಲ್ಲಿಯೂ ಒಂದು ಹೊಸ ಸಾಲು ಬಂದು ಕೂರುತ್ತದೆ.

ಆ ಸಾಲಿನ ಮರ್ಮವೇನು? ಕಾರನ್ನು ಒಪ್ಪಿಕೊಳ್ಳುವುದು ಮೇಲೋ, ಅದರ ಬದಲು ವಾಹನ ಭತ್ಯೆಯನ್ನು ಕೈಗೆ ಪಡೆಯುವುದು ಮೇಲೋ? ಬೆಂಗಳೂರಿನಂಥ ನಗರಗಳ ಅನೇಕ ಸಂಸಾರಗಳಲ್ಲಿ ಇದು ಇಂದು ಊಟದ ಹೊತ್ತಿನ ಮಾತಾಗಿದೆ. ಮೇಲ್ನೋಟಕ್ಕೆ ಒಣ ಲೆಕ್ಕದಂತೆ ಕಂಡರೂ ವರ್ಷಕ್ಕೆ ಹಲವು ಸಾವಿರ ರೂಪಾಯಿಗಳ ಹೆಚ್ಚು ಕಡಿಮೆ ಇದರಲ್ಲಿ ಅಡಗಿದೆ. ಅದಕ್ಕಿಂತ ಹೆಚ್ಚಾಗಿ ನ್ಯಾಯದ ಒಂದು ಪ್ರಶ್ನೆಯೂ ಇದೆ.

ಹಣವಲ್ಲದ ಸಂಬಳ

ನೌಕರನ ಕೈಗೆ ಬಂದ ಹಣವನ್ನು ಆದಾಯವೆನ್ನುವುದು ಸುಲಭ. ಹಣವಾಗಿ ಬಾರದ ಅನುಕೂಲವನ್ನು ಏನೆನ್ನಬೇಕು? ಬ್ರಿಟನ್ನಿನಲ್ಲಿ 1892ರಲ್ಲಿಯೇ ಈ ಪ್ರಶ್ನೆ ಹೌಸ್ ಆಫ್ ಲಾರ್ಡ್ಸ್ ವರೆಗೆ ಹೋಗಿತ್ತು. ಸ್ಕಾಟ್ಲೆಂಡಿನ ಮಾಂಟ್ರೋಸ್ ಎಂಬ ಊರಿನ ಬ್ಯಾಂಕ್ ಏಜೆಂಟನೊಬ್ಬ ಕರ್ತವ್ಯದ ನಿಮಿತ್ತ ಬ್ಯಾಂಕಿನ ಕಟ್ಟಡದಲ್ಲಿಯೇ ವಾಸಮಾಡಬೇಕಾಗಿತ್ತು. ಆ ವಾಸದ ಬೆಲೆಯನ್ನೂ ಅವನ ಆದಾಯಕ್ಕೆ ಕೂಡಿಸಬೇಕೆಂದು ತೆರಿಗೆಯವರು ವಾದಿಸಿದರು. ಮನೆಯನ್ನು ಬಾಡಿಗೆಗೆ ಕೊಟ್ಟು ಹಣ ಮಾಡಿಕೊಳ್ಳುವ ಹಕ್ಕು ಆತನಿಗಿರಲಿಲ್ಲ. ಹಣವಾಗಿ ಮಾರ್ಪಡಿಸಲಾಗದ ಅನುಕೂಲ ಆದಾಯವಲ್ಲವೆಂದು ನ್ಯಾಯಾಧೀಶರು ತೀರ್ಪಿತ್ತರು.

ತೀರ್ಪು ತರ್ಕಬದ್ಧವಾಗಿತ್ತು, ಆದರೆ ಅದು ಒಂದು ದೊಡ್ಡ ಬಾಗಿಲನ್ನು ತೆರೆದಿಟ್ಟಿತು. ಸಂಬಳವನ್ನು ಹಣವಾಗಿ ಕೊಟ್ಟರೆ ತೆರಿಗೆ, ಅನುಕೂಲವಾಗಿ ಕೊಟ್ಟರೆ ಇಲ್ಲ ಎಂದಾದರೆ ಜಾಣನಾದ ಮಾಲೀಕ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಬೇರೆ ಹೇಳಬೇಕಾಗಿಲ್ಲ. ಬಾಗಿಲು ಮುಚ್ಚಲು ಹೊಸ ಶಾಸನಗಳೇ ಬೇಕಾದುವು. ಬ್ರಿಟನ್ನಿನಲ್ಲಿ 1948ರ ಶಾಸನವು ಕಂಪೆನಿಗಳ ನಿರ್ದೇಶಕರನ್ನೂ ಹೆಚ್ಚು ಸಂಬಳದ ನೌಕರರನ್ನೂ ಹಿಡಿತಕ್ಕೆ ತಂದಿತು. ಭಾರತದಲ್ಲಿ 1961ರ ಆದಾಯ ತೆರಿಗೆ ಕಾಯಿದೆಯ 17ನೆಯ ಸೆಕ್ಷನ್ನು ಸಂಬಳದ ಜೊತೆಗೆ ದೊರೆಯುವ ಇಂಥ ಅನುಕೂಲಗಳನ್ನು ಸಂಬಳದ ಒಳಗೇ ಸೇರಿಸಿತು. ಇವಕ್ಕೆ ಕನ್ನಡದಲ್ಲಿ ‘ಪರಿಲಬ್ಧಿ’ ಎಂದು ಹೆಸರು. ಕಚೇರಿಯ ಆಡುಮಾತಿನಲ್ಲಿ ‘ಪರ್ಕ್ಸ್’.

ಬೆಲೆ ಕಟ್ಟುವ ಬಗೆ

ಮನೆಯಾದರೆ ಬಾಡಿಗೆಯಿಂದ ಬೆಲೆ ಕಟ್ಟಬಹುದು. ಕಾರಿನ ಕಷ್ಟ ಬೇರೆ. ಒಂದೇ ಕಾರು ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತದೆ, ಮಧ್ಯಾಹ್ನ ಗಿರಾಕಿಯ ಬಳಿಗೆ ಓಡುತ್ತದೆ, ಸಂಜೆ ಸಂಸಾರವನ್ನು ಮದುವೆಯ ಆರತಕ್ಷತೆಗೆ ಕರೆದೊಯ್ಯುತ್ತದೆ. ಎಷ್ಟು ಮೈಲಿ ಕಂಪೆನಿಯದು, ಎಷ್ಟು ಮೈಲಿ ಮನೆಯದು ಎಂದು ಪ್ರತಿ ಕಾರಿನ ಹಿಂದೆಯೂ ಅಧಿಕಾರಿಯೊಬ್ಬ ಓಡಲಾದೀತೆ? ಆದ್ದರಿಂದ ನಿಯಮಗಳು ಬಳಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದುವು.

ಕಾರು ಸಂಪೂರ್ಣವಾಗಿ ಕಚೇರಿಯ ಕೆಲಸಕ್ಕೇ ಮೀಸಲಾಗಿದ್ದರೆ ಪರಿಲಬ್ಧಿ ಸೊನ್ನೆ. ಆದರೆ ಬರಿಯ ಮಾತು ಸಾಲದು. ಪ್ರಯಾಣದ ದಿನಾಂಕ, ಹೋದ ಸ್ಥಳ, ಕ್ರಮಿಸಿದ ದೂರ, ಆದ ಖರ್ಚು ಇವುಗಳನ್ನು ಬರೆದಿಟ್ಟಿರಬೇಕು. ಎಲ್ಲವೂ ಕೆಲಸಕ್ಕಾಗಿಯೇ ಎಂದು ಮಾಲೀಕ ಪ್ರಮಾಣಪತ್ರ ಕೊಡಬೇಕು.

ಸಂಪೂರ್ಣವಾಗಿ ಸ್ವಂತ ಬಳಕೆಗಾದರೆ ಮಾಲೀಕ ಮಾಡಿದ ಖರ್ಚೆಲ್ಲವೂ ನೌಕರನ ಆದಾಯಕ್ಕೆ ಸೇರುತ್ತದೆ. ಅದರ ಮೇಲೆ ಕಾರಿನ ಸವೆತಕ್ಕೆಂದು ವರ್ಷಕ್ಕೆ ಕ್ರಯದ ಶೇಕಡ 10 ಭಾಗ. 10 ಲಕ್ಷ ರೂಪಾಯಿಯ ಕಾರಿಗೆ ಇಂಧನ, ರಿಪೇರಿ, ಚಾಲಕನ ಸಂಬಳ ಕೂಡಿ 1,50,000 ಖರ್ಚಾಗಿದ್ದರೆ ಆದಾಯಕ್ಕೆ ಸೇರುವುದು 2,50,000. ನೌಕರನಿಂದ ಏನಾದರೂ ವಸೂಲು ಮಾಡಿದ್ದರೆ ಅಷ್ಟನ್ನು ಕಳೆಯಬಹುದು.

ಎರಡಕ್ಕೂ ಬಳಕೆಯಾಗುವ ಕಾರೇ ಸಾಮಾನ್ಯವಾದುದು. ಇಲ್ಲಿ ನಿಯಮವು ಮೈಲಿಗಳನ್ನು ಎಣಿಸುವ ಗೋಜಿಗೆ ಹೋಗದೆ ಒಂದು ಸಗಟು ಮೊತ್ತವನ್ನು ಹೇಳಿಬಿಟ್ಟಿತು. 2009ರಲ್ಲಿ ಗೊತ್ತಾದ ಪಟ್ಟಿಯಂತೆ, ಎಂಜಿನ್ನಿನ ಗಾತ್ರ 1.6 ಲೀಟರು ಮೀರದಿದ್ದರೆ ತಿಂಗಳಿಗೆ 1,800 ರೂಪಾಯಿ, ಮೀರಿದ್ದರೆ 2,400, ಚಾಲಕನಿದ್ದರೆ ಇನ್ನೂ 900. ಸ್ವಂತ ಬಳಕೆಯ ಖರ್ಚನ್ನು ನೌಕರನೇ ಭರಿಸಿದರೆ 1,800ರ ಜಾಗದಲ್ಲಿ 600, 2,400ರ ಜಾಗದಲ್ಲಿ 900. ಈ ಸಗಟು ಮೊತ್ತಗಳಿಂದ, ನೌಕರ ಮಾಲೀಕನಿಗೆ ಏನೇ ಕೊಟ್ಟಿರಲಿ, ಕಳೆಯುವಂತಿಲ್ಲ. ಇನ್ನೊಂದು ಸೂಕ್ಷ್ಮವುಂಟು. ಮನೆಯವರ ಓಡಾಟಕ್ಕೆಂದು ಕಂಪೆನಿ ಎರಡನೆಯ ಕಾರನ್ನು ಕೊಟ್ಟರೆ ಸಗಟು ಮೊತ್ತದ ಸೌಲಭ್ಯ ಒಂದೇ ಕಾರಿಗೆ. ಮತ್ತೊಂದು ಸಂಪೂರ್ಣ ಸ್ವಂತ ಬಳಕೆಯದೆಂದೇ ಲೆಕ್ಕ.

ಇಲ್ಲಿ ವಾಚಕರು ಒಂದು ಮಾತನ್ನು ನೆನಪಿನಲ್ಲಿಡಬೇಕು. 2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯಿದೆಯನ್ನು ಅಂಗೀಕರಿಸಿ 2026ರ ಏಪ್ರಿಲ್ 1ನ್ನು ಅದರ ಆರಂಭದ ದಿನವಾಗಿ ಗೊತ್ತುಮಾಡಿತು. ಆ ದಿನದಿಂದ ಈಚಿನ ಆದಾಯಕ್ಕೆ ಹೊಸ ನಿಯಮಗಳ ಪಟ್ಟಿಯೇ ಪ್ರಮಾಣ. ಇಲ್ಲಿಯ ರೂಪಾಯಿಗಳು 1961ರ ಕಾಯಿದೆಯ ಕಾಲದವು. ಅವುಗಳಿಂದ ಲೆಕ್ಕದ ರೀತಿಯನ್ನು ತಿಳಿದು, ಅಂಕಿಗಳನ್ನು ಆಯಾ ವರ್ಷದ ಪಟ್ಟಿಯಿಂದ ತುಂಬಿಕೊಳ್ಳಬೇಕು.

ಅದೇ ದಾರಿ, ಬೇರೆ ತೆರಿಗೆ

ಕಾರಿಲ್ಲದವರಿಗೆ ಕಂಪೆನಿ ಭತ್ಯೆ ಕೊಡುತ್ತದೆ. ಭತ್ಯೆಯಲ್ಲಿಯೂ ಎರಡು ಬಗೆ. ಔಷಧಿ ಕಂಪೆನಿಯ ಪ್ರತಿನಿಧಿ ವೈದ್ಯರಿಂದ ವೈದ್ಯರಿಗೆ ಅಲೆಯುವುದು ಕರ್ತವ್ಯದ ಪ್ರಯಾಣ. ಅದಕ್ಕೆಂದು ಕೊಟ್ಟ ಭತ್ಯೆಯಲ್ಲಿ ನಿಜವಾಗಿ ಖರ್ಚಾದ ಭಾಗಕ್ಕೆ ತೆರಿಗೆಯಿಲ್ಲ; ಉಳಿದದ್ದಕ್ಕೆ ಉಂಟು. ಮನೆಯಿಂದ ಕಚೇರಿಗೆ ಹೋಗಿಬರಲು ಕೊಡುವ ಭತ್ಯೆಯ ಕಥೆ ಬೇರೆ. ಅದರಲ್ಲಿ ತಿಂಗಳಿಗೆ 800 ರೂಪಾಯಿಗೆ ವಿನಾಯಿತಿಯಿತ್ತು. 2015ರಲ್ಲಿ ಅದು 1,600 ಆಯಿತು. 2018-19ರಿಂದ ಈ ವಿನಾಯಿತಿಯನ್ನು ತೆಗೆದುಹಾಕಿ, ಎಲ್ಲ ಸಂಬಳಗಾರರಿಗೂ ವರ್ಷಕ್ಕೆ 40,000 ರೂಪಾಯಿಯ ಸ್ಥಿರ ಕಡಿತವನ್ನು ಕೊಟ್ಟರು. ಮರುವರ್ಷ ಅದು 50,000 ಆಯಿತು. 2024-25ರಿಂದ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ 75,000. ಕುರುಡರು, ಕಿವುಡ ಮೂಕರು, ಕಾಲುಗಳ ಊನವುಳ್ಳವರು ಇವರಿಗೆ ಮಾತ್ರ ತಿಂಗಳಿಗೆ 3,200 ರೂಪಾಯಿಯ ವಿನಾಯಿತಿ 2018ರ ಬಳಿಕವೂ ಉಳಿಯಿತು.

ಈಗ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಕಂಪೆನಿ ಒದಗಿಸಿದ ವಾಹನದಲ್ಲಿ ಹೋಗಿಬರುವುದನ್ನು ಪರಿಲಬ್ಧಿ ಎಂದೆಣಿಸತಕ್ಕದ್ದಲ್ಲವೆಂದು 1961ರ ಕಾಯಿದೆ ಸ್ಪಷ್ಟವಾಗಿ ಹೇಳಿತು. ಪೀಣ್ಯದ ಕಾರ್ಖಾನೆಯ ಬಸ್ಸಿನಲ್ಲಿ ಬರುವವನಿಗೆ ಅದರಿಂದ ತೆರಿಗೆಯ ಭಾರವಿಲ್ಲ. ಅದೇ ದಾರಿಯಲ್ಲಿ ನಗರ ಸಾರಿಗೆಯ ಬಸ್ಸಿನಲ್ಲಿ ಬರುವವನಿಗೆ ಮಾಲೀಕ ಟಿಕೆಟಿನ ಹಣವನ್ನು ಭತ್ಯೆಯಾಗಿ ಕೊಟ್ಟರೆ ಅದು ಸಂಬಳಕ್ಕೆ ಸೇರಿತು. ದಾರಿ ಒಂದೇ, ದೂರ ಒಂದೇ, ಉದ್ದೇಶವೂ ಒಂದೇ. ಹಣ ಯಾವ ವೇಷದಲ್ಲಿ ಬಂದಿತೆಂಬುದರ ಮೇಲೆ ತೆರಿಗೆ ನಿಂತಿತು. ಬ್ರಿಟನ್ನಿನ ಕಾನೂನು ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಮನೆಯಿಂದ ಕಚೇರಿಗೆ ನಿತ್ಯವೂ ಹೋಗುವುದು ಅಲ್ಲಿ ಸ್ವಂತ ಪ್ರಯಾಣ. ಅಷ್ಟಕ್ಕೆ ಮಾತ್ರ ಬಳಸಿದರೂ ಕಂಪೆನಿಯ ಕಾರು ತೆರಿಗೆಗೆ ಒಳಪಡುತ್ತದೆ.

ಕಾರೋ, ಭತ್ಯೆಯೋ?

ಇನ್ನು ಗೃಹಸ್ಥರಿಗೆ ಬೇಕಾದ ಲೆಕ್ಕ. ಅನೇಕ ಕಂಪೆನಿಗಳು ಕಾರನ್ನು ಲೀಸಿಗೆ ಪಡೆದು ನೌಕರನಿಗೆ ಒಪ್ಪಿಸುತ್ತವೆ. ಅದರ ಬಾಡಿಗೆಯನ್ನೂ ಇಂಧನದ ಖರ್ಚನ್ನೂ ಅವನಿಗೆ ಗೊತ್ತಾದ ಒಟ್ಟು ವೇತನದಿಂದಲೇ ಮುರಿದುಕೊಳ್ಳುತ್ತವೆ. ಇದಕ್ಕೆ ತಿಂಗಳಿಗೆ 25,000 ರೂಪಾಯಿ, ಎಂದರೆ ವರ್ಷಕ್ಕೆ 3 ಲಕ್ಷ, ಹಿಡಿಯುವುದೆಂದು ಇಟ್ಟುಕೊಳ್ಳೋಣ. ವರ್ಷ 2023-24; ಅಧಿಕಾರಿ ಶೇಕಡ 30ರ ಮೆಟ್ಟಿಲಿನಲ್ಲಿರುವವರು; ಶೇಕಡ 4ರ ಸೆಸ್ಸು ಕೂಡಿ ತೆರಿಗೆ ಶೇಕಡ 31.2.

ಆ 3 ಲಕ್ಷವನ್ನು ಭತ್ಯೆಯಾಗಿ ಪಡೆದರೆ ತೆರಿಗೆ 93,600. ಕೈಗೆ ಉಳಿಯುವುದು 2,06,400. ಅದರಿಂದ ಕಾರನ್ನು ನಡೆಸಬೇಕು. ಸಣ್ಣ ಎಂಜಿನ್ನಿನ, ಚಾಲಕನಿಲ್ಲದ ಕಾರನ್ನೇ ಪಡೆದರೆ ಆದಾಯಕ್ಕೆ ಸೇರುವುದು 21,600. ತೆರಿಗೆ ಸುಮಾರು 6,739. ವ್ಯತ್ಯಾಸ 86,861 ರೂಪಾಯಿ. ಇಷ್ಟನ್ನು ನೋಡಿ ಯಾರಿಗಾದರೂ ಕಾರಿನ ಕಡೆಗೆ ಮನಸ್ಸು ವಾಲದಿರದು.

ಆದರೆ ಲೆಕ್ಕದ ಪುಸ್ತಕವನ್ನು ಅಷ್ಟಕ್ಕೇ ಮುಚ್ಚಬಾರದು. ಲೀಸಿನ ಬಾಡಿಗೆಯೊಳಗೆ ಕಾರು ಕೊಟ್ಟವರ ಬಡ್ಡಿಯೂ ಲಾಭವೂ ಸೇರಿರುತ್ತವೆ. ಅವಧಿ ಮುಗಿಯುವ ಮುನ್ನ ನೌಕರಿ ಬಿಟ್ಟರೆ ಉಳಿದ ಕಂತುಗಳ ಹೊಣೆ ಯಾರದೆಂದು ಕರಾರಿನಲ್ಲಿ ಓದಿ ತಿಳಿಯಬೇಕು. ಕಾರು ಅಂಗಳದಲ್ಲಿ ನಿಂತಿದ್ದರೂ ಒಡೆತನ ಮನೆಯದಲ್ಲ. ಕಂಪೆನಿ ತನ್ನ ಸ್ವಂತದ ಹಳೆಯ ಕಾರನ್ನು ಅಗ್ಗದ ಬೆಲೆಗೆ ಮಾರಿದರೆ ಆ ಅಗ್ಗವೂ ತೆರಿಗೆಗೆ ಸಿಕ್ಕುತ್ತದೆ. ಪೂರ್ಣಗೊಂಡ ಪ್ರತಿ ವರ್ಷಕ್ಕೂ ಉಳಿದ ಬೆಲೆಯಲ್ಲಿ ಶೇಕಡ 20ರಂತೆ ಇಳಿಸುವುದು ಹಳೆಯ ನಿಯಮ. 8 ಲಕ್ಷದ ಕಾರು 3 ವರ್ಷಗಳ ಬಳಿಕ 4,09,600 ಆಗುತ್ತದೆ. ಅದನ್ನು 1 ಲಕ್ಷಕ್ಕೆ ಕೊಂಡರೆ 3,09,600 ರೂಪಾಯಿ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಓಡಾಟವೇ ಕಡಮೆಯಿರುವ ಸಂಸಾರಕ್ಕೆ, ತೆರಿಗೆ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಬೇಡದ ಕಾರನ್ನು ತಂದಿಟ್ಟುಕೊಳ್ಳುವುದು ಎಣ್ಣೆ ಅಗ್ಗವೆಂದು ಹಗಲು ದೀಪ ಹಚ್ಚಿದಂತೆ.

ಅಳತೆಗೋಲಿನ ಮಹಿಮೆ

ಸರ್ಕಾರ ಯಾವ ಅಳತೆಗೋಲನ್ನು ಹಿಡಿಯುತ್ತದೆಯೋ ಜನರ ನಡತೆಯೂ ಆ ಕಡೆಗೆ ಬಾಗುತ್ತದೆ. ಬ್ರಿಟನ್ನಿನಲ್ಲಿ 1994ರಿಂದ 2002ರ ವರೆಗೆ, ಕಚೇರಿಯ ಕೆಲಸಕ್ಕಾಗಿ ಹೆಚ್ಚು ಮೈಲಿ ಓಡಿಸಿದವನಿಗೆ ಕಡಮೆ ತೆರಿಗೆ ಬೀಳುತ್ತಿತ್ತು. ಕಾರಿನ ಪಟ್ಟಿಬೆಲೆಯ ಶೇಕಡ 35 ಭಾಗ ಆದಾಯಕ್ಕೆ ಸೇರಬೇಕು. 1999ರ ಏಪ್ರಿಲಿನಿಂದ ಈಚೆಗೆ, 2,500 ಮೈಲಿ ಮುಟ್ಟಿದರೆ 25. 18,000 ಮೈಲಿ ಮುಟ್ಟಿದರೆ 15 ಸಾಕು. ಹೀಗಾಗಿ ತೆರಿಗೆಯ ವರ್ಷ ಮುಗಿಯುತ್ತ ಬಂದಾಗ ಮೈಲಿಯ ಲೆಕ್ಕ ತುಂಬಿಸಲು ಬೇಡದ ಪ್ರಯಾಣಗಳೂ ನಡೆದುವು. 2002ರ ಏಪ್ರಿಲಿನಿಂದ ಆ ಪದ್ಧತಿಯನ್ನು ಬಿಟ್ಟು, ಕಾರು ಎಷ್ಟು ಇಂಗಾಲಾಮ್ಲವನ್ನು ಉಗುಳುತ್ತದೆಂಬುದನ್ನು ಅಳತೆಯಾಗಿ ಹಿಡಿದರು. ಹೊಗೆ ಕಡಮೆಯಾದಷ್ಟೂ ತೆರಿಗೆ ಕಡಮೆ. ಬರಿಯ ವಿದ್ಯುತ್ತಿನಿಂದ ನಡೆಯುವ ಕಾರಿಗೆ 2020-21ರಲ್ಲಿ ತೆರಿಗೆಯೇ ಇರಲಿಲ್ಲ. ಬಳಿಕ ಸ್ವಲ್ಪ ಸ್ವಲ್ಪವಾಗಿ ಏರಿಸಿ 2025-26ಕ್ಕೆ ಪಟ್ಟಿಬೆಲೆಯ ಶೇಕಡ 3ಕ್ಕೆ ತಂದರು.

ನಮ್ಮಲ್ಲಿಯೂ ಪ್ರಯೋಗಗಳು ನಡೆದಿವೆ. 2005ರಿಂದ 2009ರ ವರೆಗೆ ‘ಫ್ರಿಂಜ್ ಬೆನಿಫಿಟ್ ತೆರಿಗೆ’ ಎಂಬುದು ಇತ್ತು. ಕಾರಿನ ಅನುಕೂಲಕ್ಕೆ ನೌಕರನ ಬದಲು ಮಾಲೀಕನೇ ತೆರಿಗೆ ಕಟ್ಟಬೇಕಾಗಿತ್ತು. ಕಾರುಗಳ ಖರ್ಚಿನ ಶೇಕಡ 20 ಭಾಗವನ್ನು ಅನುಕೂಲವೆಂದು ಭಾವಿಸಿ ಅದರ ಮೇಲೆ ಶೇಕಡ 30ರ ತೆರಿಗೆ. ಉದ್ಯಮಗಳ ದೂರು ಹೆಚ್ಚಿ 2009ರಲ್ಲಿ ಅದನ್ನು ತೆಗೆದರು. ಹೊರೆ ಮತ್ತೆ ನೌಕರನ ಹೆಗಲಿಗೆ ಬಂದಿತು. ಆಗ ಹೊರಟ ಪಟ್ಟಿ ಎಂಜಿನ್ನಿನ ಗಾತ್ರವನ್ನೇ ಅಳತೆಗೋಲಾಗಿ ಹಿಡಿಯಿತು. ವಿದ್ಯುತ್ ಕಾರಿಗೆ ಅಂಥ ಎಂಜಿನ್ನೇ ಇಲ್ಲ. ಲೀಟರಿನ ಕೋಲು ಹಿಡಿದು ಅದನ್ನು ಅಳೆಯುವುದೆಂತು?

ನ್ಯಾಯದ ಮಾತು

ಸಗಟು ಮೊತ್ತಕ್ಕೆ ಒಂದು ದೊಡ್ಡ ಗುಣವಿದೆ; ಜಗಳವಿಲ್ಲ. ದೋಷವೂ ಅಷ್ಟೇ ದೊಡ್ಡದು. 8 ಲಕ್ಷದ ಕಾರೂ 30 ಲಕ್ಷದ ಕಾರೂ ಬೆಲೆಯ ದೃಷ್ಟಿಯಿಂದ ಅದಕ್ಕೆ ಒಂದೇ. ದೊಡ್ಡ ಎಂಜಿನ್ನಿನ ಭಾರಿ ಕಾರನ್ನು ಚಾಲಕನೊಡನೆ ಪಡೆದವರ ಆದಾಯಕ್ಕೆ ಹಳೆಯ ಪಟ್ಟಿಯಂತೆ ವರ್ಷಕ್ಕೆ ಸೇರುತ್ತಿದ್ದುದು 39,600 ಮಾತ್ರ. ಅಂಥ ಚಾಲಕನ ವರ್ಷದ ಸಂಬಳವೇ ಅದಕ್ಕಿಂತ ಎಷ್ಟೋ ಹೆಚ್ಚು. ಮೇಲಿನ ಉದಾಹರಣೆಯಲ್ಲಿ ಶೇಕಡ 30ರ ಮೆಟ್ಟಿಲಿನವರಿಗೆ 86,861 ಉಳಿದರೆ, ಶೇಕಡ 20ರ ಮೆಟ್ಟಿಲಿನವರಿಗೆ ಉಳಿಯುವುದು 57,907. ತೆರಿಗೆಯ ಮಿತಿಯನ್ನೇ ಮುಟ್ಟದ ಗುಮಾಸ್ತನಿಗೆ ಉಳಿಯುವುದು ಸೊನ್ನೆ. ಅವನಿಗೆ ಯಾರೂ ಕಾರು ಕೊಡುವುದೂ ಇಲ್ಲ. ಮೇಲೇರಿದಷ್ಟೂ ರಿಯಾಯಿತಿ ಹೆಚ್ಚುವ ಈ ಏಣಿಯನ್ನು ತೆರಿಗೆಯ ಧರ್ಮವೆನ್ನುವುದು ಕಷ್ಟ.

ಕಾನೂನು ಕೊಟ್ಟ ಅನುಕೂಲವನ್ನು ಬಳಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲದ ಚಾಲಕನ ಹೆಸರಿನಲ್ಲಿ ರಸೀತಿ ಬರೆಯುವುದು, ಸಂಸಾರದ ಯಾತ್ರೆಯನ್ನು ಕಚೇರಿಯ ಪ್ರವಾಸವೆಂದು ದಾಖಲಿಸುವುದು ಜಾಣತನವಲ್ಲ, ಸುಳ್ಳು. ಕಚೇರಿಗಳಲ್ಲಿ ಇವನ್ನು ಸಲುಗೆಯ ನಗೆಯೊಡನೆ ಹೇಳಿಕೊಳ್ಳುವುದುಂಟು. ಸಿಕ್ಕಿಬಿದ್ದ ದಿನ ತೆರಿಗೆ, ಬಡ್ಡಿ, ದಂಡ ಮೂರೂ ಕೂಡಿ ಬರುತ್ತವೆ. ಆಗ ನಗುವವರು ಬೇರೆಯವರು.

ಗೃಹಸ್ಥರು ಮಾಡಬೇಕಾದುದು ಇಷ್ಟೆ. ಕಾರನ್ನು ಒಪ್ಪುವ ಮುನ್ನ ಅದು ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ಕಂಪೆನಿಯ ಲೆಕ್ಕಪತ್ರ ವಿಭಾಗವನ್ನು ಬರವಣಿಗೆಯಲ್ಲಿ ಕೇಳಿ ತಿಳಿಯಬೇಕು. ಕರಾರನ್ನು ಪತಿಪತ್ನಿಯರು ಕೂಡಿ ಕುಳಿತು ಓದಬೇಕು. ನೌಕರಿ ಬದಲಾದರೆ ಏನಾಗುವುದೆಂಬ ಪುಟವನ್ನು ಎರಡು ಸಲ ಓದಬೇಕು. ವರ್ಷದ ಕೊನೆಗೆ ಮಾಲೀಕ ಕೊಡುವ ತೆರಿಗೆಯ ಪತ್ರದಲ್ಲಿ ಪರಿಲಬ್ಧಿಯ ಅಂಕಿಯನ್ನು ತಮ್ಮ ಲೆಕ್ಕದೊಡನೆ ತಾಳೆ ನೋಡಬೇಕು. ಕಾರು ಮನೆಗೆ ಬರುವುದು ಸಂತೋಷವೇ. ಅದರ ಬೆಲೆಯನ್ನು ತಿಳಿದು ಬರಮಾಡಿಕೊಂಡವರ ಸಂತೋಷ ಮಾರ್ಚ್ ತಿಂಗಳು ಕಳೆದ ಮೇಲೂ ಉಳಿಯುತ್ತದೆ.