ಇನ್ನೊಂದು ಕಾಯಿಲೆ ಬಂದಾಗ ಸಕ್ಕರೆ ಮಾತ್ರೆ

ಜ್ವರ ಬಂದು ಎರಡು ದಿನದಿಂದ ಗಂಜಿಯೂ ಸೇರುತ್ತಿಲ್ಲ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಶುಗರ್ ಮಾತ್ರೆ. ‘ಏನೂ ತಿಂದಿಲ್ಲವಲ್ಲ, ಮಾತ್ರೆ ಯಾಕೆ?’ ಎನ್ನುವ ಈ ಲೆಕ್ಕ ಅರ್ಧ ಮಾತ್ರ ಸರಿ. ಸೋಂಕು ತಗುಲಿದ ದೇಹದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್‌ನಂಥ ಹಾರ್ಮೋನುಗಳು ಹೆಚ್ಚುತ್ತವೆ. ಅವು ಯಕೃತ್ತಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ. ಹೊಟ್ಟೆ ಖಾಲಿ ಇದ್ದರೂ ಸಕ್ಕರೆ ಏರುತ್ತಲೇ ಇರಬಹುದು.

ಹಾಗೆಂದು ಎಲ್ಲವನ್ನೂ ಎಂದಿನಂತೆ ನುಂಗುವುದೂ ಅಪಾಯವೇ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆಗಳು. ಊಟ ಬಿಟ್ಟ ದಿನವೂ ಅವು ತಮ್ಮ ಕೆಲಸ ಬಿಡುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ವಾಂತಿ ಭೇದಿಯಿಂದ ನೀರಿನಂಶ ಕಳೆದಾಗ ಮೂತ್ರಪಿಂಡ ಸೋತು ಮೆಟ್‌ಫಾರ್ಮಿನ್ ದೇಹದಲ್ಲೇ ಉಳಿಯುತ್ತದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಉಪವಾಸದಲ್ಲಿ ಇನ್ನೂ ಮೋಸಗಾರ: ಗ್ಲುಕೋಮೀಟರ್ ಹೆಚ್ಚೇನೂ ತೋರಿಸದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಬಹುದು. ಮೊದಲೇ ದಿನ ಗೊತ್ತಾದ ಶಸ್ತ್ರಚಿಕಿತ್ಸೆಗೆ ಇವನ್ನು ಕನಿಷ್ಠ 3 ದಿನ ಮೊದಲೇ ನಿಲ್ಲಿಸಲು ಹೇಳುವುದು ಇದಕ್ಕಾಗಿಯೇ. ಇನ್ಸುಲಿನ್ ಮಾತ್ರ ಬೇರೆ. ಟೈಪ್ 1 ಇರುವವರು ಊಟ ಬಿಟ್ಟರೂ ದೀರ್ಘಾವಧಿಯ ಇನ್ಸುಲಿನ್ ಬಿಡಬಾರದು. ಅದು ಜೀವದ ಪ್ರಶ್ನೆ.

ನಮ್ಮಲ್ಲಿ ತೊಡಕು ಇನ್ನೊಂದಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಒಂದೇ ಮಾತ್ರೆ ಇಲ್ಲಿ ಧಾರಾಳವಾಗಿ ಸಿಗುತ್ತದೆ. ತಿನ್ನುವವರಿಗೆ ಅದು ‘ಬೆಳಗಿನ ಬಿಳಿ ಮಾತ್ರೆ’ ಅಷ್ಟೇ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿಸಿಕೊಳ್ಳಬೇಕು. ವೋಗ್ಲಿಬೋಸ್ ಇದ್ದರೆ ಲೋ ಶುಗರ್ ಆದಾಗ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಕರುಳಿನಲ್ಲಿ ಅವು ಒಡೆಯುವುದನ್ನೇ ಈ ಔಷಧ ತಡೆಯುತ್ತದೆ. ಮೆಡಿಕಲ್ ಶಾಪಿನ ಗ್ಲುಕೋಸ್ ಪುಡಿ, ಸುಮಾರು 15 ಗ್ರಾಂ, ನೀರಿಗೆ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಸ್ಟೆರಾಯ್ಡ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಉಬ್ಬಸಕ್ಕೋ ಕೀಲುನೋವಿಗೋ ಬೆಳಿಗ್ಗೆ ಪ್ರೆಡ್ನಿಸೊಲೋನ್ ತಿಂದರೆ ಸಕ್ಕರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಏರಿ ಬೆಳಗಿನ ಹೊತ್ತಿಗೆ ಇಳಿದಿರುತ್ತದೆ. ಖಾಲಿ ಹೊಟ್ಟೆಯ ರಿಪೋರ್ಟ್ ಮಾತ್ರ ನೋಡಿ ‘ಚೆನ್ನಾಗಿದೆ’ ಎಂದುಕೊಂಡರೆ ಕೆಟ್ಟಿತು. ಮಧ್ಯಾಹ್ನದ ಊಟದ ನಂತರ, ಸಂಜೆ ನೋಡಬೇಕು. ಸ್ಟೆರಾಯ್ಡ್ ಇಳಿಸುತ್ತಾ ಬಂದಾಗ ಅದಕ್ಕಾಗಿ ಏರಿಸಿದ್ದ ಇನ್ಸುಲಿನ್ನೂ ಇಳಿಯಬೇಕು. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರದ ಸೋಂಕು ಹೆಚ್ಚಾಗಿ ಕಾಡಿದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರನ್ನು, ಸ್ಟೆರಾಯ್ಡ್ ಪಡೆದವರನ್ನು. ಹೆಸರಿಲ್ಲದ ‘ಮಂಡಿನೋವಿನ ಪುಡಿ’ಗಳಲ್ಲೂ ಸ್ಟೆರಾಯ್ಡ್ ಬೆರೆತಿರಬಹುದು, ಹುಷಾರು.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗ್ಲಿಮೆಪಿರೈಡಿನಂಥ ಮಾತ್ರೆಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ, ಸಕ್ಕರೆ ಏರುತ್ತದೆ. ಕೋರ್ಸ್ ಮುಗಿದ ಮೇಲೆ ಹಿಂದೆ ಏರಿಸಿದ ಡೋಸ್ ಹಾಗೇ ಉಳಿದರೆ ಲೋ ಶುಗರ್. ಲಿವೋಫ್ಲಾಕ್ಸಸಿನ್, ಕ್ಲಾರಿಥ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್‌ಗಳೂ ಗ್ಲಿಮೆಪಿರೈಡ್ ಜೊತೆ ಸೇರಿದಾಗ ಸಕ್ಕರೆಯನ್ನು ದಿಢೀರನೆ ಇಳಿಸಬಲ್ಲವು. ಬಿ.ಪಿ.ಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು ಲೋ ಶುಗರ್‌ನ ಎದೆಬಡಿತ, ನಡುಕವನ್ನು ಮರೆಮಾಚುತ್ತವೆ. ಬೆವರು ಮಾತ್ರ ಉಳಿಯುತ್ತದೆ, ಅದನ್ನೇ ಗುರುತಿಸಬೇಕು.

ಮುಂದಿನ ಸಲ ನಿಮ್ಮ ಶುಗರ್ ಡಾಕ್ಟರ ಹತ್ತಿರ ಹೋದಾಗ, ಆರೋಗ್ಯವಾಗಿರುವಾಗಲೇ, ಒಂದು ಕೆಲಸ ಮಾಡಿ. ವಾಂತಿ, ಭೇದಿ, ಜ್ವರ ಬಂದರೆ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಬಿಡಲೇಬಾರದು, ಯಾವಾಗ ಬಂದು ಕಾಣಬೇಕು ಎಂದು ಚೀಟಿಯ ಹಿಂದೆ ಅವರಿಂದಲೇ ಬರೆಸಿಕೊಳ್ಳಿ. ಹಲ್ಲಿನ ಡಾಕ್ಟರಿರಲಿ, ಕಣ್ಣಿನ ಡಾಕ್ಟರಿರಲಿ, ಆ ಚೀಟಿಯನ್ನು ಮೊದಲು ತೋರಿಸಿ.